ತನಿ ಬರುವಾಗ ಕ್ಯಾಮೆರಾ ಎಲ್ಲಿರುತ್ತದೆ?

"ಅಪ್ಪಾ, ತಾತನ ವೀಡಿಯೋದಲ್ಲಿ ತಾತನ ಕೈ ಯಾಕೆ ಕಾಣಲ್ಲ?"

ಮಗ ಇದನ್ನು ಕೇಳಿದ್ದು ವಿಯೆನ್ನಾದ ಒಂದು ಚರ್ಚಿನ ಪಕ್ಕದ ಕೋಣೆಯಲ್ಲಿ, ಸಾಲಾಗಿ ಇಟ್ಟಿದ್ದ ಮಾನಿಟರ್‌ಗಳ ಮುಂದೆ ಕೂತು. ನನ್ನ ಹೆಂಡತಿ ಅಲ್ಲಿನ ಕಾಯರ್‌ನಲ್ಲಿ, ಅಂದರೆ ಒಟ್ಟಾಗಿ ಹಾಡುವ ತಂಡದಲ್ಲಿ, ಹಾಡುತ್ತಾಳೆ. ಈ ಸಲದ ಕಛೇರಿಯನ್ನು ಚಿತ್ರೀಕರಿಸುವುದಿತ್ತು. ಅವತ್ತು ಅದರ ಡ್ರೆಸ್ ರಿಹರ್ಸಲ್. ನಮ್ಮ ಎದುರು ಮನೆಯ ಅಜ್ಜಿ ಟೀವಿ ಕೆಲಸದಿಂದ ನಿವೃತ್ತರಾದವರು. ಸಂಗೀತ ಬಲ್ಲವರು ಬೇಕು ಅಂತ ಅವರನ್ನು ಕರೆಸಿಕೊಂಡಿದ್ದರು. ಮಗ ಅವರನ್ನು ಓಮಾ ಅಂತ ಕರೆಯುತ್ತಾನೆ. ಅವರ ಜೊತೆಗೇ ನಾವಿಬ್ಬರೂ ಒಳಗೆ ಹೋಗಿದ್ದೆವು.

ಎಲ್ಲರೂ ನಾಳೆಯ ಕಪ್ಪು ಉಡುಪಿನಲ್ಲೇ ಬಂದಿದ್ದರು. ಸುಮ್ನೆ ನೋಡೋದಕ್ಕೆ ಹೇಗಿರುತ್ತದೆ ಅಂತ ಪರೀಕ್ಷಿಸಲು ಇರಬೇಕು ಅಂದುಕೊಂಡಿದ್ದೆ. ಕಾರಣ ಬೇರೆಯೇ ಇತ್ತು. ರಿಹರ್ಸಲ್ ಕೂಡ ಮೊದಲಿಂದ ಕೊನೆಯವರೆಗೆ ರೆಕಾರ್ಡ್ ಆಗುತ್ತದೆ. ನಾಳೆ ಯಾರೋ ಕೆಮ್ಮಿದರೆ, ಒಂದು ಸ್ವರ ಜಾರಿದರೆ, ಆ ಜಾಗಕ್ಕೆ ಇವತ್ತಿನ ತುಣುಕು ತಂದು ಸೇರಿಸುತ್ತಾರೆ. ಬಟ್ಟೆ ಬೇರೆಯಾದರೆ ಬೆಸುಗೆ ಎದ್ದು ಕಾಣುತ್ತದೆ ಅಲ್ವಾ? ಹಾಗಾಗಿ ಕೂದಲು ಕಟ್ಟಿದ ರೀತಿಯೂ ಎರಡು ದಿನ ಒಂದೇ ಇರಬೇಕು. ಒಬ್ಬ ಹೆಂಗಸಿನ ಹೊಳೆಯುವ ಪಿನ್ನು ಬೆಳಕಿಗೆ ಮಿಂಚುತ್ತಿತ್ತು, ತೆಗೆಸಿದರು. ಮುಂದಿಟ್ಟಿದ್ದ ಹೂದಾನಿ ಓಬೋ ಅನ್ನುವ ಊದುವ ವಾದ್ಯ ನುಡಿಸುವವರ ಮುಖಕ್ಕೆ ಅಡ್ಡ ಬರುತ್ತಿತ್ತು, ಅದನ್ನು ಬದಿಗೆ ಸರಿಸಿದರು. ಕುರ್ಚಿಯ ಕಾಲು ಎಲ್ಲಿರಬೇಕು ಅನ್ನುವುದಕ್ಕೂ ನೆಲದ ಮೇಲೆ ಟೇಪಿನ ಗುರುತು.

ನಾನು ಮಾತ್ರ ಓಮಾ ಅವರನ್ನೇ ನೋಡುತ್ತಿದ್ದೆ. ಮುಂದೆ ಸ್ವರಲಿಪಿಯ ದಪ್ಪ ಪುಸ್ತಕ. ಪುಟದ ತುಂಬ ಕೆಂಪು, ನೀಲಿ ಪೆನ್ಸಿಲ್ಲಿನ ಗುರುತುಗಳು, ಶಾಟ್ ನಂಬರುಗಳು. ಒಂದು ಬೆರಳು ಸಾಲಿನ ಮೇಲೆ ಓಡುತ್ತಿದೆ, ಬಾಯಿ ಎಣಿಸುತ್ತಿದೆ. "ನಾಲ್ಕು... ಮೂರು... ಎರಡು... ಓಬೋ." ಆ ಮಾತಿಗೆ ಪರದೆ ಬದಲಾಗುತ್ತದೆ. ಓಬೋದವರು ಇನ್ನೂ ಉಸಿರು ಎಳೆದುಕೊಳ್ಳುತ್ತಿದ್ದಾರೆ, ತುಟಿ ಈಗಷ್ಟೇ ರೀಡಿಗೆ ತಾಗುತ್ತಿದೆ. ಆಮೇಲೆ ನಾದ. ಒಂದು ಕಡೆ ಕ್ಯಾಮೆರಾ ಸ್ವಲ್ಪ ತಡವಾಯಿತು. ಅವರು ಗುರುತು ಹಾಕಿಕೊಂಡು ನನ್ನ ಕಡೆ ತಿರುಗಿ, "ತೋರಿಸುವುದು ತಡವಾದರೆ ಜನ ಕೇಳಿಸಿಕೊಳ್ಳುವುದೂ ತಡವಾಗುತ್ತದೆ" ಅಂದರು.

ಹಾಡುತ್ತಿದ್ದದ್ದು ಸಂಗೀತ ರಚನೆಕಾರ ಹೈಡನ್ 1796ರಲ್ಲಿ ರಚಿಸಿದ ಒಂದು ಮಾಸ್, ಅಂದರೆ ಚರ್ಚಿನ ಪೂಜೆಯ ಹಾಡುಗಳ ಕೃತಿ. ಅದು ಮೊದಲು ಕೇಳಿಸಿದ್ದೂ ಇದೇ ವಿಯೆನ್ನಾದಲ್ಲಿ. ಯುದ್ಧದ ಭಯ ತುಂಬಿದ್ದ ದಿನಗಳು. ಕೊನೆಯ ಭಾಗದಲ್ಲಿ ಟಿಂಪನಿ ಡ್ರಮ್ಮುಗಳು ಮೆಲ್ಲಗೆ, ದೂರದಿಂದ ಏನೋ ಹತ್ತಿರ ಬರುತ್ತಿರುವಂತೆ ನುಡಿಯುತ್ತವೆ. ವಿಯೆನ್ನಾದ ಟಿಂಪನಿಗೆ ಈಗಲೂ ಮೇಕೆ ಚರ್ಮ ಹೊದಿಸುತ್ತಾರೆ. ಚಿತ್ರೀಕರಣದ ದೀಪಗಳ ಬಿಸಿಗೆ ಅದು ಬಿಗಿಯಾಗುತ್ತಿತ್ತು. ಬೇರೆಯವರು ಹಾಡುತ್ತಿರುವಾಗ ನುಡಿಸುವವನು ಬಗ್ಗಿ, ಕಿವಿಯನ್ನು ಚರ್ಮದ ಹತ್ತಿರ ತಂದು, ಬೆರಳಿನಿಂದ ಹಗುರವಾಗಿ ತಟ್ಟಿ ಶ್ರುತಿ ನೋಡಿದ.

"ಥೇಟ್ ತಾತನ ಹಾಗೇ!" ಅಂತ ಮಗ ಕುರ್ಚಿಯಿಂದ ಎದ್ದುಬಿಟ್ಟ. ಅದರ ಹಿಂದೆಯೇ ಬಂದದ್ದು ಆ ಪ್ರಶ್ನೆ.

ನಮ್ಮಪ್ಪ ಮೃದಂಗದವರು. ಜೀವನವೆಲ್ಲ ಪಕ್ಕವಾದ್ಯ ನುಡಿಸಿದವರು. ಎಡಮುಖಕ್ಕೆ ರವೆ ಹಚ್ಚಿ, ಪುಟ್ಟ ಕಲ್ಲಿನಿಂದ ಅಂಚಿಗೆ ತಟ್ಟುತ್ತಾ ತಲೆ ಬಗ್ಗಿಸಿ ಕೂರುವ ಅವರ ಭಂಗಿ ಮಗನಿಗೆ ಗೊತ್ತು. ರಜೆಗೆ ಹೋದಾಗ ಹತ್ತಿರ ಕೂತು ನೋಡಿದ್ದಾನೆ. ಆದರೆ ಅವರ ಕಛೇರಿಯ ವೀಡಿಯೋ ಅಂತ ನಮ್ಮ ಹತ್ತಿರ ಇರುವುದು ಒಂದೇ, ಮೈಸೂರಿನ ಒಂದು ಉತ್ಸವದ್ದು. ತನಿ ಅಂದರೆ ಕಛೇರಿಯ ನಡುವೆ ಹಾಡು ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗ. ಅದರಲ್ಲಿ ಅಪ್ಪ ಮಿಶ್ರಛಾಪು ತಾಳದಲ್ಲಿ ನುಡಿಸಿದ ತನಿ ಇದೆ, ಕಿವಿಗೆ ಮಾತ್ರ. ತನಿ ಶುರುವಾದ ಕೂಡಲೇ ಕ್ಯಾಮೆರಾ ತಾಳ ಹಾಕುತ್ತಿರುವ ಗಾಯಕರ ಮೇಲೆ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಸಾಲಿನ ಗಣ್ಯರು. ಆಮೇಲೆ ಹಿಂದಿನ ಫ್ಲೆಕ್ಸ್ ಬ್ಯಾನರಿನ ಪ್ರಾಯೋಜಕರ ಹೆಸರುಗಳು, ನಿಧಾನವಾಗಿ, ಒಂದೊಂದಾಗಿ. ತನಿ ಮುಗಿಸುವ ಲೆಕ್ಕಾಚಾರದ ಕೊನೆಯ ಕೋರ್ವೆಗೆ ಜನ ಚಪ್ಪಾಳೆ ಹೊಡೆಯುವಾಗ ಪರದೆಯ ಮೇಲಿರುವುದು ಶಾಲು, ಹಾರ ಹಿಡಿದು ಮೆಟ್ಟಿಲ ಹತ್ತಿರ ಕಾಯುತ್ತಿರುವವರು.

ಮಗನಿಗೆ ಏನು ಹೇಳಲಿ? ನನಗೆ ನಿಜವಾಗಿ ನೋವಾಯಿತು. ಈಗ ಅಪ್ಪನ ಬೆರಳುಗಳು ಗಂಟು ಕಟ್ಟಿವೆ. ಆ ತನಿ ಇನ್ನೊಮ್ಮೆ ಬರುವುದಿಲ್ಲ.

ಊರನ್ನು ಹಳಿಯುವ ಉದ್ದೇಶ ನನಗಿಲ್ಲ. ಹೊಸ ವರ್ಷದ ದಿನ ಟೀವಿಯಲ್ಲಿ ಬರುವ ವಿಯೆನ್ನಾ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಛೇರಿಯ ಪರಂಪರೆ ಶುರುವಾದದ್ದು 1939ರಲ್ಲಿ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವ ಶುರುವಾದದ್ದೂ ಅದೇ ವರ್ಷ. ಕೋಟೆ ಹೈಸ್ಕೂಲ್ ಮೈದಾನದ ಚಪ್ಪರದಲ್ಲಿ ಕೂತು ತೊಡೆ ತಟ್ಟುತ್ತಾ ಕೇಳುವ ಜನರನ್ನು ಇಲ್ಲಿ ಎಲ್ಲಿಂದ ತರುವುದು? ಇಲ್ಲಿನವರು ಉಸಿರು ಬಿಡಲೂ ಹೆದರಿ ಕೂರುತ್ತಾರೆ. ಇನ್ನು ನಮ್ಮ ಕಲಾವಿದರ ವಿಷಯಕ್ಕೆ ಬಂದರೆ, ಎಷ್ಟೋ ಸಲ ಗಾಯಕರೂ ಮೃದಂಗದವರೂ ಭೇಟಿಯಾಗುವುದೇ ವೇದಿಕೆಯ ಮೇಲೆ. ರಿಹರ್ಸಲ್ ಇಲ್ಲ, ಎದುರಿಗೆ ಪುಸ್ತಕ ಇಲ್ಲ. ಇದನ್ನು ಓಮಾಗೆ ಹೇಳಿದಾಗ ಅವರು ಪೆನ್ಸಿಲ್ ಕೆಳಗಿಟ್ಟು, "ಹಾಗಾದರೆ ನಿಮ್ಮಲ್ಲಿ ಈ ಕೆಲಸ ಮಾಡುವವರಿಗೆ ನನಗಿಂತ ಜಾಸ್ತಿ ಸಂಗೀತ ಗೊತ್ತಿರಬೇಕು" ಅಂದರು.

ಗೊತ್ತಿರಬೇಕು, ಹೌದು. ಆದರೆ ಗೊತ್ತಿರುವವರನ್ನು ನಾವು ಅಲ್ಲಿ ಕೂರಿಸುವುದೇ ಇಲ್ಲವಲ್ಲ! ನಮ್ಮ ಮದುವೆ ವೀಡಿಯೋದವರನ್ನು ನೋಡಿ. ಗಟ್ಟಿಮೇಳ ಅನ್ನುವ ಕೂಗು ಬೀಳುವ ಮೊದಲೇ ಅವರ ಕ್ಯಾಮೆರಾ ತಾಳಿಯ ಮೇಲಿರುತ್ತದೆ. ಯಾವತ್ತೂ ತಪ್ಪುವುದಿಲ್ಲ. ಮುಖ್ಯ ಯಾವುದು ಅಂತ ಗೊತ್ತಿದ್ದರೆ ನಮ್ಮವರು ಎಷ್ಟು ಚೆನ್ನಾಗಿ ಹಿಡಿಯುತ್ತಾರೆ! ಕಛೇರಿಯಲ್ಲಿ ಮುಖ್ಯ ಯಾವುದು ಅಂತ ಅವರಿಗೆ ನಾವು ಯಾರೂ ಹೇಳಿಲ್ಲ. ವೇದಿಕೆ ಮೇಲಿನ ಗಣ್ಯರ ಪಟ್ಟಿ ಮಾತ್ರ ಮರೆಯದೆ ಕೊಟ್ಟಿರುತ್ತೇವೆ.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ಹಿಡಿದುಕೊಂಡದ್ದು ಒಂದೇ ವಿಷಯ. "ಮೇಕೆ ಚರ್ಮಾನಾ? ದೀಪದ ಬಿಸಿಗೆ ಶ್ರುತಿ ಏರಿರತ್ತೆ ಕಣೋ, ಪಾಪ." ಆಮೇಲೆ ಅವನು ಹೇಗೆ ಇಳಿಸಿದ, ಎಷ್ಟು ಹೊತ್ತು ಹಿಡಿಯಿತು ಅಂತ ಬಿಡಿಸಿ ಬಿಡಿಸಿ ಕೇಳಿದರು. ತಮ್ಮ ವೀಡಿಯೋದ ಮಾತೇ ಎತ್ತಲಿಲ್ಲ.

ನಿಮ್ಮ ಬೀದಿಯ ಗಣೇಶೋತ್ಸವದಲ್ಲಿ ಕಛೇರಿ ಇಡುವವರಿದ್ದರೆ ನನ್ನದೊಂದು ಕೋರಿಕೆ. ಮೃದಂಗ ಕಲಿಯುತ್ತಿರುವ ಹುಡುಗನನ್ನೋ ಹುಡುಗಿಯನ್ನೋ ಕ್ಯಾಮೆರಾದವರ ಪಕ್ಕ ಕೂರಿಸಿ. ಗಾಯಕರು ಮೃದಂಗದ ಕಡೆ ತಿರುಗಿ ಕೈ ತೋರಿಸುತ್ತಿದ್ದ ಹಾಗೇ ಆ ಮಗು ಹೇಳಲಿ, "ಅಣ್ಣಾ, ತನಿ ಬಂತು, ಈ ಕಡೆ." ಖರ್ಚೇನೂ ಇಲ್ಲ. ಘಟ, ಖಂಜೀರ ಇದ್ದರೆ ಅವರ ಸರದಿ ಬಂದಾಗಲೂ ಹೇಳಲಿ. ಅವರು ಇನ್ನೂ ಹಿಂದೆ ಕೂತಿರುತ್ತಾರೆ.