ಬಾಟಲಿಯ ಮುಖ

ಕೊತ್ತಂಬರಿ ಸೊಪ್ಪು ತರೋಕೆ ಅಂತ ಓಕ್ ಟ್ರೀ ರೋಡಿನ ಇಂಡಿಯನ್ ಅಂಗಡಿಗೆ ಹೋದವನು ಮುಕ್ಕಾಲು ಗಂಟೆ ಬಿಟ್ಟು ಬಂದೆ. ಸೊಪ್ಪಿಲ್ಲದೆ.

"ಏನ್ರೀ ಮಾಡ್ತಿದ್ರಿ ಅಷ್ಟು ಹೊತ್ತು?"

ಉಪ್ಪಿನಕಾಯಿ ಬಾಟಲಿ ತಿರುಗಿಸ್ತಿದ್ದೆ. ಹಳೇ ತಾರೀಖಿನದು ಮುಂದಕ್ಕೆ, ಹೊಸದು ಹಿಂದಕ್ಕೆ. ಲೇಬಲ್ ಗಿರಾಕಿಯ ಕಡೆಗೆ. ನಮ್ಮ ಕಂಪನಿಯದ್ದೂ ಅಲ್ಲ! ಅಂಗಡಿ ಹುಡುಗ ನೋಡಿ, "ಅಂಕಲ್, ಇಲ್ಲಿ ಕೆಲಸಕ್ಕೆ ಸೇರಿದ್ರಾ?" ಅಂದ.

ಅಮೆರಿಕದ ನ್ಯೂಜೆರ್ಸಿಯ ಎಡಿಸನ್‌ಗೆ ಬಂದ ಹೊಸದರಲ್ಲಿ ಇದೇ ನನ್ನ ಕೆಲಸ. ಅಕ್ಕಿ ಮೂಟೆ ಇಳಿಸು, ಶೆಲ್ಫ್ ಜೋಡಿಸು, ಆರ್ಡರ್ ಕೇಳು, ಬೈಸಿಕೋ. ಈಗ ಮೂರು ರಾಜ್ಯಗಳ ಸೇಲ್ಸ್ ನೋಡ್ಕೊಳ್ತೀನಿ, ಮೀಟಿಂಗಲ್ಲಿ ಚಾರ್ಟ್ ತೋರಿಸ್ತೀನಿ. ಕೈ ಮಾತ್ರ ಇನ್ನೂ ಅಲ್ಲೇ ಇದೆ.

ಪಕ್ಕದ ಸಾಲಲ್ಲಿ ಶ್ರೀರಾಚಾ ಅನ್ನೋ ಮೆಣಸಿನಕಾಯಿ ಸಾಸ್ ಇತ್ತು. ಹಸಿರು ಮುಚ್ಚಳ, ಹುಂಜದ ಚಿತ್ರ, ಗೊತ್ತಲ್ವಾ? ವಿಯೆಟ್ನಾಂ ಬಿಟ್ಟು ಬಂದ ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಾಸ್ ಮಾಡಿ, ನೀಲಿ ವ್ಯಾನಿನಲ್ಲಿ ತಾವೇ ಹೋಟೆಲುಗಳಿಗೆ ಹಾಕಿ ಬರ್ತಿದ್ದರಂತೆ. ದೇಶ ಬಿಟ್ಟು ಬಂದ ಹಡಗಿನ ಹೆಸರನ್ನೇ ಕಂಪನಿಗೆ ಇಟ್ಟರು. ಹುಟ್ಟಿದ್ದು ಚೀನೀ ಪಂಚಾಂಗದ ಹುಂಜದ ವರ್ಷ, ಅದಕ್ಕೇ ಬಾಟಲಿ ಮೇಲೆ ಹುಂಜ. ಜಾಹೀರಾತಿನ ಗೋಜಿಗೇ ಹೋಗಲಿಲ್ಲ. (ನಮ್ಮ ಮಾರ್ಕೆಟಿಂಗ್‌ನವರಿಗೆ ಇದನ್ನು ಹೇಳಬೇಡಿ.)

ಟ್ರಾನ್ ಕೂಡ ಎಲ್ಲಾದರೂ ಅಂಗಡಿಗೆ ಹೋದಾಗ ಸುಮ್ನೆ ಇರ್ತಾರಾ, ಬಾಟಲಿ ತಿರುಗಿಸ್ತಾರಾ ಅಂತ ಯೋಚನೆ ಬಂತು.

ಒಂದು ಹುಂಜ ಗೋಡೆ ಕಡೆ ಮುಖ ಮಾಡಿ ನಿಂತಿತ್ತು. ಅದನ್ನೂ ತಿರುಗಿಸಿ ಬಂದೆ.