ಗ್ಯಾಸ್ ಹಾಕಿ ಕಳಿಸಿದ ಗಾಡಿ

ದಾವಣಗೆರೆಯಲ್ಲಿ ಕಾರಿನ ಎ.ಸಿ. ಕೆಲಸ ಮಾಡುತ್ತಾ ಹದಿನಾಲ್ಕು ವರ್ಷವಾಯಿತು. ಮಾರ್ಚ್ ಬಂತೆಂದರೆ ನಮ್ಮ ಶೆಡ್ಡಿನ ಮುಂದೆ ಗಾಡಿಗಳ ಸಾಲು. ಬಂದವರಲ್ಲಿ ಬಹುಪಾಲು ಜನ ಇಳಿಯುವ ಮೊದಲೇ ಹೇಳುವ ಮಾತು, "ಗ್ಯಾಸ್ ಖಾಲಿ ಆಗೈತೆ, ಹಾಕಿಬಿಡಿ."

ಎ.ಸಿ. ಗ್ಯಾಸು ಪೆಟ್ರೋಲಿನಂತೆ ಉರಿದು ಖರ್ಚಾಗುವುದಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್‌ನಿಂದ ಬಿಸಿ ಹೊರಬಿಡುವ ಕಂಡೆನ್ಸರ್‌ಗೆ, ಅಲ್ಲಿಂದ ಒತ್ತಡ ಇಳಿಸುವ ಎಕ್ಸ್‌ಪಾನ್ಶನ್ ವಾಲ್ವ್ ದಾಟಿ ಗಾಳಿ ತಂಪು ಮಾಡುವ ಕೂಲಿಂಗ್ ಕಾಯಿಲ್‌ಗೆ, ಮತ್ತೆ ಕಂಪ್ರೆಸರ್‌ಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ರಬ್ಬರ್ ಹೋಸು, ಶಾಫ್ಟ್ ಸೀಲುಗಳಿಂದ ವರ್ಷಾನುಗಟ್ಟಲೆಯಲ್ಲಿ ಚೂರುಪಾರು ಹೋಗುತ್ತದೆ, ಸರಿ. ಆದರೆ ಒಂದೆರಡು ತಿಂಗಳಲ್ಲಿ ತಂಪೇ ಇಲ್ಲವಾಯಿತು ಅಂದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಒಂದು ಗಾಡಿಗೆ ಎರಡು ಸಲ ಗ್ಯಾಸ್ ಹಾಕಿ ಕಳಿಸಿದೆ.

ಅದು ಬಾಡಿಗೆಗೆ ಓಡುವ ಸೆಡಾನ್. ಓನರೂ ಅವರೇ, ಡ್ರೈವರೂ ಅವರೇ. ವಾರಕ್ಕೆ ಮೂರು ನಾಲ್ಕು ಸಲ ಬೆಂಗಳೂರು ಟ್ರಿಪ್. ಮಾರ್ಚ್ ಮೊದಲ ವಾರ ಬಂದಾಗ ಒತ್ತಡ ಅಳೆಯುವ ಗೇಜ್ ಹಾಕಿ ನೋಡಿದೆ. ಇಂಜಿನ್ ಆಫ್ ಇದ್ದಾಗ 40 ಪಿಎಸ್‌ಐ. ಬೆಳಗಿನ ಸುಮಾರು 30 ಡಿಗ್ರಿ ಸೆಖೆಗೆ ಈ ಗಾಡಿಯ ಎ.ಸಿ.ಗೆ ಹಾಕುವ ಆರ್-134ಎ ಗ್ಯಾಸಿನ ಒತ್ತಡ 95ರ ಆಸುಪಾಸು ಇರಬೇಕು. ಇಲ್ಲಿ ಒಂದು ವಿಷಯ ಹೊಸಬರಿಗೆ ಗೊತ್ತಿರಲಿ: ಅರ್ಧ ಗ್ಯಾಸ್ ಹೋಗಿದ್ದರೂ ಒಳಗೆ ಒಂದಿಷ್ಟು ದ್ರವ ಉಳಿದಿದ್ದರೆ ಮುಳ್ಳು 95ನ್ನೇ ತೋರಿಸುತ್ತದೆ. 40 ಅಂದರೆ ದ್ರವ ಒಂದು ಹನಿಯೂ ಇಲ್ಲ, ಹೆಚ್ಚುಕಮ್ಮಿ ಎಲ್ಲವೂ ಹೋಗಿದೆ. ಬಾನೆಟ್ ಒಳಗಿನ ಜಾಯಿಂಟುಗಳಿಗೆ ಸೋಪಿನ ನೊರೆ ಬಳಿದು ನೋಡಿದೆ, ಗುಳ್ಳೆ ಬರಲಿಲ್ಲ. ಹಿಂದೆ ಇನ್ನೂ ಐದು ಗಾಡಿ ಕಾಯುತ್ತಿದ್ದವು. ಪಂಪಿನಿಂದ ಒಳಗಿನ ಗಾಳಿ ಎಳೆದು ವ್ಯಾಕ್ಯೂಮ್ ಮಾಡಿ 450 ಗ್ರಾಂ ಗ್ಯಾಸ್ ಹಾಕಿ ಕಳಿಸಿದೆ.

ಏಪ್ರಿಲ್ ಕೊನೆಗೆ ಮತ್ತೆ ಬಂದರು. "ಅಣ್ಣಾ, ಮತ್ತೆ ಬಿಸಿಗಾಳಿ ಬರಾಕ್ಹತ್ತೈತೆ ನೋಡು. ನಾಳೆ ಏರ್‌ಪೋರ್ಟ್ ಬಾಡಿಗೆ ಐತೆ, ಏನಾರ ಮಾಡು."

ಹೊರಗಡೆ ಎಲ್ಲೂ ಎಣ್ಣೆ ಜಿನುಗಿರಲಿಲ್ಲ. ಗ್ಯಾಸ್ ಜೊತೆಗೇ ಕಂಪ್ರೆಸರ್ ಎಣ್ಣೆಯೂ ಓಡಾಡುವುದರಿಂದ ಸೋರುವ ಕಡೆ ಎಣ್ಣೆ ಹತ್ತಿ, ಅದರ ಮೇಲೆ ಧೂಳು ಮೆತ್ತಿ ಕಪ್ಪು ಕಲೆಯಾಗಿರುತ್ತದೆ. ಕಲೆ ಎಲ್ಲೂ ಇಲ್ಲ ಅಂದರೆ ಉಳಿಯುವ ಜಾಗ ಡ್ಯಾಶ್‌ಬೋರ್ಡ್ ಹಿಂದಿನ ಕೂಲಿಂಗ್ ಕಾಯಿಲ್ ಒಂದೇ. ಅದನ್ನು ಬಿಚ್ಚುವುದೆಂದರೆ ಒಂದು ದಿನ ಪೂರ್ತಿ ಹೋಗುತ್ತದೆ. ಅವರಿಗೆ ಬಾಡಿಗೆ ತಪ್ಪಬಾರದು, ನನಗೂ ಸೀಸನ್. "ಸದ್ಯಕ್ಕೆ ಹಾಕ್ತೀನಿ, ಮಳೆಗಾಲಕ್ಕೆ ಬಿಚ್ಚಿ ನೋಡೋಣ" ಅಂದೆ. ಅವರು ನನ್ನ ಮಾತು ನಂಬಿದರು.

ಬಿಚ್ಚದೆಯೇ ಪತ್ತೆ ಮಾಡಬಹುದಿತ್ತು. ಆರ್-134ಎ ಗಾಳಿಗಿಂತ ಮೂರೂವರೆ ಪಟ್ಟು ಭಾರ. ಎ.ಸಿ. ಓಡಿಸಿ, ಆಮೇಲೆ ಇಂಜಿನ್ನನ್ನೂ ಗಾಳಿ ಊದುವ ಬ್ಲೋವರನ್ನೂ ಆಫ್ ಮಾಡಿ ಇಪ್ಪತ್ತು ನಿಮಿಷ ಬಿಟ್ಟರೆ, ಕಾಯಿಲ್‌ನಿಂದ ಸೋರಿದ ಗ್ಯಾಸ್ ಕೆಳಗಿಳಿದು ನೀರು ತೊಟ್ಟಿಕ್ಕುವ ಡ್ರೈನ್ ಪೈಪಿನ ಬಾಯಿಗೆ ಬರುತ್ತದೆ. ಅಲ್ಲಿ ಲೀಕ್ ಡಿಟೆಕ್ಟರ್ ಹಿಡಿದರೆ ಕೂಗಿಕೊಳ್ಳುತ್ತದೆ. ಡಿಟೆಕ್ಟರ್ ನನ್ನ ಟೂಲ್ ಡಬ್ಬಿಯಲ್ಲೇ ಇತ್ತು. ಆ ಇಪ್ಪತ್ತು ನಿಮಿಷ ನಾನು ಕೊಡಲಿಲ್ಲ.

ಮೇ ಮೂರನೇ ವಾರ ಹಿರಿಯೂರಿನ ಹತ್ತಿರದಿಂದ ಫೋನ್ ಬಂತು. ಎ.ಸಿ. ಹಾಕಿದಾಗಲೆಲ್ಲ ಗರಗರ ಸದ್ದು ಬರುತ್ತಿತ್ತಂತೆ, ಆಮೇಲೆ ರಬ್ಬರ್ ಸುಟ್ಟ ವಾಸನೆ, ಬೆಲ್ಟ್ ಕಿತ್ತು ಹೋಗಿದೆ. ಆ ಗಾಡಿಯಲ್ಲಿ ಕಂಪ್ರೆಸರ್ ತಿರುಗಿಸುವ ಬೆಲ್ಟೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ಗೂ ಇಂಜಿನ್ ತಂಪಿಡುವ ವಾಟರ್ ಪಂಪ್‌ಗೂ, ಹಾಗಾಗಿ ಗಾಡಿ ಮುಂದೆ ಹೋಗುವಂತಿರಲಿಲ್ಲ. ಹಿಂದಿನ ಸೀಟಿನಲ್ಲಿ ಆಸ್ಪತ್ರೆಗೆ ಹೊರಟಿದ್ದ ವಯಸ್ಸಾದ ಗಂಡ ಹೆಂಡತಿ, ಮಧ್ಯಾಹ್ನ ಒಂದು ಗಂಟೆ, ಹೈವೇ ಪಕ್ಕ ನೆರಳಿಲ್ಲ. ಬೇರೆ ಗಾಡಿ ಬರಲು ಒಂದೂವರೆ ತಾಸು ಹಿಡಿಯಿತು. ಆ ಅಜ್ಜ ಅಜ್ಜಿಯ ಮುಖ ನಾನು ನೋಡಿಲ್ಲ, ಆದರೆ ಆ ಒಂದೂವರೆ ತಾಸು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಟೋ ಮಾಡಿ ತಂದ ಗಾಡಿಯ ಕಂಪ್ರೆಸರ್ ಪೈಪ್ ಬಿಚ್ಚಿದಾಗ ಹೊರಬಂದ ಎಣ್ಣೆಯನ್ನು ಬಿಳಿ ಬಟ್ಟೆಗೆ ಒರೆಸಿದೆ. ತಿಳಿಯಾಗಿರಬೇಕಾದ ಎಣ್ಣೆ ಕಾಡಿಗೆಯಂತಿತ್ತು. ಬಟ್ಟೆ ಬಿಸಿಲಿಗೆ ಹಿಡಿದರೆ ಅದರ ತುಂಬ ಮಿಣಮಿಣ ಹೊಳೆಯುವ ಪುಡಿ. ಕಂಪ್ರೆಸರ್ ಒಳಗಿನ ಅಲ್ಯೂಮಿನಿಯಂ ಸವೆದು ಬಂದದ್ದು. ಎಣ್ಣೆಯನ್ನು ಕಂಪ್ರೆಸರ್‌ಗೆ ವಾಪಸ್ ತರುವುದು ಗ್ಯಾಸೇ. ಗ್ಯಾಸ್ ಕಮ್ಮಿಯಾದಂತೆ ಎಣ್ಣೆ ಬರುವುದೂ ಕಮ್ಮಿ, ಜೊತೆಗೆ ತೂತಿನಿಂದ ಸೋರಿದ್ದು ಬೇರೆ. ನಾನು ಎರಡು ಸಲವೂ ಗ್ಯಾಸ್ ತೂಗಿ ಹಾಕಿದ್ದೆ, ಹೋದ ಎಣ್ಣೆಯ ಲೆಕ್ಕ ನೋಡಿರಲಿಲ್ಲ.

ಪುಡಿ ಹರಡಿದ ಮೇಲೆ ಕಂಪ್ರೆಸರ್ ಒಂದನ್ನು ಬದಲಿಸಿದರೆ ಸಾಲದು. ಈಗಿನ ಕಂಡೆನ್ಸರ್‌ಗಳ ನಾಳಗಳು ಎಷ್ಟು ಸಣ್ಣವೆಂದರೆ ತೊಳೆದರೂ ಪುಡಿ ಪೂರ್ತಿ ಬರುವುದಿಲ್ಲ, ಉಳಿದದ್ದು ಹೊಸ ಕಂಪ್ರೆಸರನ್ನೂ ತಿನ್ನುತ್ತದೆ. ಹಾಗಾಗಿ ಕಂಡೆನ್ಸರ್, ತೇವ ಹೀರುವ ಡ್ರೈಯರ್, ಎಕ್ಸ್‌ಪಾನ್ಶನ್ ವಾಲ್ವ್ ಎಲ್ಲ ಹೊಸದು. ಪೈಪುಗಳನ್ನು ಫ್ಲಶ್ ಮಾಡಿ ನೈಟ್ರೋಜನ್‌ನಲ್ಲಿ ಊದಿದೆವು. ಡ್ಯಾಶ್‌ಬೋರ್ಡ್ ಬಿಚ್ಚಿ ತೆಗೆದ ಕಾಯಿಲ್‌ನ ಕೆಳಮೂಲೆಯಲ್ಲಿ ಎಲೆಯ ಚೂರು, ಧೂಳು, ತೇವ ಸೇರಿ ಕೆಸರಾಗಿ ಕೂತಿತ್ತು. ನೈಟ್ರೋಜನ್ ತುಂಬಿ ಬಕೆಟ್ ನೀರಿನಲ್ಲಿ ಅದ್ದಿದಾಗ ಅದೇ ಮೂಲೆಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದರ ಹಿಂದೊಂದು ಎದ್ದವು. ಅಷ್ಟೇ ತೂತು. ನನ್ನ ಶೆಡ್ಡಿನ ಹುಡುಗರಿಬ್ಬರನ್ನೂ ಕರೆದು ತೋರಿಸಿದೆ.

ಓ ರಿಂಗುಗಳಿಗೆ ಎಣ್ಣೆ ಸವರಿ ಜೋಡಿಸಿ, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದೆವು. ಮುಳ್ಳು ಪೂರ್ತಿ ವ್ಯಾಕ್ಯೂಮಿನ ಹತ್ತಿರ ಬಂದರೆ ಒಳಗಿನ ನೀರಿನಂಶ ಕೋಣೆಯ ಸೆಖೆಗೇ ಕುದಿದು ಆವಿಯಾಗಿ ಹೊರಬರುತ್ತದೆ. ಅದು ಉಳಿದರೆ ವಾಲ್ವ್ ಬಾಯಲ್ಲಿ ಮಂಜುಗಡ್ಡೆ ಕಟ್ಟುತ್ತದೆ, ಎಣ್ಣೆ ಜೊತೆ ಸೇರಿ ಆಮ್ಲವಾಗುತ್ತದೆ. ಪಂಪ್ ನಿಲ್ಲಿಸಿ ಅರ್ಧ ಗಂಟೆ ಬಿಟ್ಟೆವು, ಮುಳ್ಳು ಕದಲಲಿಲ್ಲ. ಆಮೇಲೆ ತೂಕ ನೋಡಿ ಗ್ಯಾಸ್.

ಮಾರ್ಚ್‌ನಲ್ಲೇ ಕಾಯಿಲ್ ಬದಲಿಸಿದ್ದರೆ ಏಳೆಂಟು ಸಾವಿರಕ್ಕೆ ಮುಗಿಯುತ್ತಿದ್ದ ಕೆಲಸ ಮೂವತ್ತು ಸಾವಿರ ದಾಟಿತು. ನಡೆದದ್ದನ್ನು ಅವರಿಗೆ ಹಾಗೇ ಹೇಳಿದೆ. ಮಜೂರಿ ತೆಗೆದುಕೊಳ್ಳಲಿಲ್ಲ, ಕಂಪ್ರೆಸರ್ ಖರ್ಚಿನಲ್ಲಿ ಅರ್ಧ ನಾನು ಹಾಕಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಆವತ್ತೇ ಬಿಚ್ಚಬೇಕು ಅಂದಿದ್ರೆ ನಾನೇ ಬಾಡಿಗೆ ಬಿಡ್ತಿದ್ನಲ್ಲ ಅಣ್ಣಾ" ಅಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಗಾಳಿಗೆ ಹೋದ ಗ್ಯಾಸಿನ ಲೆಕ್ಕವನ್ನೂ ಆಮೇಲೆ ಹಾಕಿದೆ. ಆರ್-134ಎ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಜೋರು. ನಾನು ಎರಡು ಸಲ ಹಾಕಿದ್ದು 900 ಗ್ರಾಂ. ಸೋರುವ ಆ ಗಾಡಿಗೆ ಗ್ಯಾಸ್ ಹಾಕಿದ್ದೆಂದರೆ ಟನ್ನಿಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ.

ಈಗ ಸೀಸನ್‌ನಲ್ಲಿ ದಿನಕ್ಕೆ ಎಂಟು ಗಾಡಿಯ ಬದಲು ಐದೇ ಮಾಡುತ್ತೇವೆ. ಗ್ಯಾಸ್ ಹಾಕುವ ಮುಂಚೆ ನೈಟ್ರೋಜನ್ ತುಂಬಿ ಸೋರಿಕೆ ನೋಡುವ ಟೆಸ್ಟ್ ಆಗಲೇಬೇಕು. ಎ.ಸಿ. ಇನ್ನೂ ಓಡುವ ಸ್ಥಿತಿಯಲ್ಲಿದ್ದರೆ ಡ್ರೈನ್ ಪೈಪಿಗೆ ಡಿಟೆಕ್ಟರ್ ಹಿಡಿಯಲೇಬೇಕು. ಒಪ್ಪದೆ ಬೇರೆ ಅಂಗಡಿಗೆ ಹೋಗುವವರೂ ಇದ್ದಾರೆ, ಹೋಗಲಿ.

ಆ ಸೆಡಾನ್ ಈ ಯುಗಾದಿ ಹಿಂದಿನ ದಿನ ಬಂದಿತ್ತು, ಕ್ಯಾಬಿನ್ ಫಿಲ್ಟರ್ ಬದಲಿಸಲಿಕ್ಕೆ. ಅವರು ಕೇಳದಿದ್ದರೂ ಗೇಜ್ ಹಾಕಿ ನೋಡಿದೆ. ಎ.ಸಿ. ಓಡುತ್ತಿರುವಾಗ ಲೋ ಸೈಡ್ 34, ಹೈ ಸೈಡ್ 220, ಎರಡೂ ಸರಿಯಾಗಿದ್ದವು; ಗಾಳಿ ಬರುವ ಬಾಯಲ್ಲಿ ಥರ್ಮಾಮೀಟರ್ 7 ಡಿಗ್ರಿ ತೋರಿಸುತ್ತಿತ್ತು.