ಧಾರೆ ಯಾರು ಎರೆಯುತ್ತಾರೆ?

ಮೈಸೂರಿನಲ್ಲಿ ಮದುವೆಯ ಫೋಟೋ ತೆಗೆಯುವವರಿಗೆ ಜಾಗದ ಬರವಿಲ್ಲ. ಚಾಮುಂಡಿ ಬೆಟ್ಟವಿದೆ, ಶ್ರೀರಂಗಪಟ್ಟಣದ ಹೊಳೆದಂಡೆಯಿದೆ, ಒಂದೂವರೆ ಗಂಟೆ ಹೋದರೆ ಮೇಲುಕೋಟೆಯಿದೆ. ನಿಶ್ಚಿತಾರ್ಥ ಮುಗಿದ ಜೋಡಿ ಮೊಬೈಲಿನಲ್ಲಿ ಬೇರೆ ಯಾರದೋ ಚಿತ್ರ ತೋರಿಸಿ, "ಇದೇ ಜಾಗ, ಇದೇ ಬೆಳಕು ಬೇಕು ಅಕ್ಕ" ಎನ್ನುತ್ತಾರೆ. ಜಾಗ ಎಲ್ಲಿಗೂ ಹೋಗುವುದಿಲ್ಲ. ಬೆಳಕಿಗೆ ಮಾತ್ರ ನಸುಕಿನಲ್ಲೇ ಹೋಗಿ ಕಾಯಬೇಕು.

ಎರಡು ವರ್ಷದ ಹಿಂದೆ, ಕಾರ್ತಿಕ ಮಾಸದ ಒಂದು ಭಾನುವಾರ ಹೀಗೆ ಒಂದು ಜೋಡಿಯನ್ನು ಕರೆದುಕೊಂಡು ಮೇಲುಕೋಟೆಗೆ ಹೊರಟೆ. ಮದುವೆಗೆ ಇನ್ನು ಎಂಟು ದಿನವಿತ್ತು. ತಾಳಿ ಕಟ್ಟುವ ಮೊದಲು ಇಬ್ಬರನ್ನೇ ಕಳಿಸುವುದು ಹೇಗೆಂದು ಮನೆಯವರು ತಕರಾರು ತೆಗೆದಿದ್ದರಿಂದ ಹುಡುಗಿಯ ತಾಯಿಯೂ ಜೊತೆಗೆ ಬಂದಿದ್ದರು. ಪ್ರೌಢಶಾಲೆಯಲ್ಲಿ ಇತಿಹಾಸ ಪಾಠ ಹೇಳುವ ಟೀಚರು. ಕೈಯಲ್ಲಿ ಕಾಫಿಯ ಫ್ಲಾಸ್ಕು, ಚಿತ್ರಾನ್ನದ ಡಬ್ಬಿ, ಮಗಳು ಬದಲಿಸಬೇಕಾದ ಸೀರೆಯ ಚೀಲ. ಕಾರು ಹತ್ತಿದವರು ಹಿಂದಿನ ಸೀಟಿನ ಮೂಲೆಯಲ್ಲಿ ಕುಳಿತು, ದಾರಿಯುದ್ದಕ್ಕೂ ಕಿಟಕಿಯಾಚೆಯ ಕಬ್ಬಿನ ಗದ್ದೆ ನೋಡುತ್ತಿದ್ದರು.

ನನ್ನ ಸಹಾಯಕ ಹುಡುಗನಿಗೆ ಜ್ವರ ಬಂದು ಅವನು ಬಂದಿರಲಿಲ್ಲ. ರಾಯಗೋಪುರದ ಹತ್ತಿರ ಇಳಿದಾಗ ಸೂರ್ಯ ಆಗತಾನೇ ಮೇಲೇರುತ್ತಿದ್ದ. ಗೋಪುರವೆಂದು ಹೆಸರಿದ್ದರೂ ಅದು ಪೂರ್ತಿಯಾಗದೆ ನಿಂತ ಕಟ್ಟಡ. ಎತ್ತರದ ನಾಲ್ಕು ಕಲ್ಲುಕಂಬಗಳು, ನಡುವೆ ಆಕಾಶ. ಬೆಳಗಿನ ಬಿಸಿಲನ್ನು ಜೋಡಿಯ ಬೆನ್ನಿಗೆ ಕೊಟ್ಟು ನಿಲ್ಲಿಸಿದರೆ ಕೂದಲ ಅಂಚಿಗೆ ಹೊಂಬಣ್ಣ ಹತ್ತುತ್ತದೆ, ಆದರೆ ಮುಖ ಕಪ್ಪಾಗುತ್ತದೆ. ಅದಕ್ಕೇ ರಿಫ್ಲೆಕ್ಟರ್ ಬೇಕು. ಒಂದು ಮೀಟರ್ ಅಗಲದ, ಬೆಳ್ಳಿಬಣ್ಣದ ಬಟ್ಟೆಯ ತಟ್ಟೆ ಅದು. ಎದುರಿನಿಂದ ಹಿಡಿದರೆ ಬಿಸಿಲು ಅದಕ್ಕೆ ಬಡಿದು ಮುಖಕ್ಕೆ ಮರಳುತ್ತದೆ. ಹಿಡಿಯಲು ಒಬ್ಬರು ಬೇಕಲ್ಲ ಎಂದು ನಾನು ಅತ್ತಿತ್ತ ನೋಡುವಾಗ ಆ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದರು. "ಹೇಗೆ ಹಿಡಿಯಬೇಕು ಹೇಳಿ, ನಾನು ಹಿಡಿಯುತ್ತೇನೆ" ಎಂದರು.

ಎರಡೇ ನಿಮಿಷದಲ್ಲಿ ಅವರಿಗೆ ಅದರ ಮರ್ಮ ಹತ್ತಿತು. ಬೆಳಕು ಗಲ್ಲಕ್ಕೆ ಬಿದ್ದರೆ ತಟ್ಟೆಯನ್ನು ಒಂದಿಷ್ಟು ಎತ್ತುವರು, ಮಗಳು ಕಣ್ಣು ಕಿರಿದು ಮಾಡಿದರೆ ತಾವೇ ಹಿಂದೆ ಸರಿಯುವರು. ಅಲ್ಲಿಂದ ಕಲ್ಯಾಣಿಗೆ ಹೋದೆವು. ಒದ್ದೆಯಾದ ಮೆಟ್ಟಿಲುಗಳ ಮೇಲೆ ಬರಿಗಾಲಲ್ಲಿ ನಿಂತು, ಗಾಳಿಗೆ ತಟ್ಟೆ ಹಾರದಂತೆ ಎದೆಗೆ ಒತ್ತಿಕೊಂಡು, ಎರಡು ಗಂಟೆ ಹಿಡಿದರು. ಮೇಲೆ ಯೋಗಾನರಸಿಂಹನ ಬೆಟ್ಟ, ಸುತ್ತ ಕಲ್ಲಿನ ಮಂಟಪ, ನೀರಿನಲ್ಲಿ ಅವುಗಳ ನೆರಳು. ಇಷ್ಟು ಚೆಲುವಾದ ಕಡೆ ಜೋಡಿ ಬಿಗಿದುಕೊಂಡೇ ನಿಲ್ಲುತ್ತದೆ. ಆ ಹುಡುಗಿ ಮಾತ್ರ ತಾಯಿಯ ಕಡೆ ನೋಡಿದಾಗಲೆಲ್ಲ ಸಡಿಲವಾಗಿ ನಗುತ್ತಿದ್ದಳು. ನಾನು ಆ ನಗುವನ್ನು ಹಿಡಿದೆ. ನಗು ಹೋಗಿ ಮುಟ್ಟುತ್ತಿದ್ದ ಕಡೆಗೆ ಒಮ್ಮೆಯೂ ಕ್ಯಾಮೆರಾ ತಿರುಗಿಸಲಿಲ್ಲ.

ಸಂಜೆ ಅರಮನೆಯ ದೀಪ ನೋಡಬೇಕೆಂಬುದು ಹುಡುಗನ ಆಸೆ. ಭಾನುವಾರ ಏಳಕ್ಕೆ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಜನ "ಓ" ಎನ್ನುವ ಸದ್ದು ಪ್ರತಿ ಸಲವೂ ಮೈ ಜುಮ್ಮೆನ್ನಿಸುತ್ತದೆ. ಆ ಹಳದಿ ಬೆಳಕಿಗೆ ಮನುಷ್ಯರ ಮೈಬಣ್ಣವನ್ನು ಚೆಂದ ಮಾಡುವ ಗುಣವಿದೆ. ಫ್ಲ್ಯಾಶ್ ಹಾಕಿದರೆ ಅದು ಸತ್ತೇ ಹೋಗುತ್ತದೆ, ಹಾಗಾಗಿ ನಾನು ಹಾಕುವುದಿಲ್ಲ. ದೀಪ ಹೊತ್ತುವುದನ್ನು ಕಾಯುತ್ತಿದ್ದಾಗ ಆ ತಾಯಿ ಭಾವೀ ಅಳಿಯನಿಗೆ ಅರಮನೆಯ ಕತೆ ಹೇಳಿದರು.

"ಇಲ್ಲಿ ಮೊದಲು ಮರದ ಅರಮನೆ ಇತ್ತು. 1897ರಲ್ಲಿ ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಸಮಯದಲ್ಲೇ ಬೆಂಕಿ ಬಿದ್ದು ಸುಟ್ಟುಹೋಯಿತು. ಹೆನ್ರಿ ಇರ್ವಿನ್ ನಕ್ಷೆ ಮಾಡಿ, 1912ರ ಹೊತ್ತಿಗೆ ಈಗಿನದು ಎದ್ದಿತು." ಸ್ವಲ್ಪ ತಡೆದು ಸೇರಿಸಿದರು: "ಮಗಳ ಮದುವೆ ಮಾಡುವಾಗ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರಿಗೆ ಗಂಡ ಇರಲಿಲ್ಲ. ಚಾಮರಾಜ ಒಡೆಯರು 1894ರಲ್ಲೇ ತೀರಿಕೊಂಡಿದ್ದರು. ಮಗ ಚಿಕ್ಕವನು. ರಾಜ್ಯ ನಡೆಸಿದವರೂ ಅವರೇ, ಸುಟ್ಟ ಅರಮನೆಯನ್ನು ಮತ್ತೆ ಕಟ್ಟಲು ಹೊರಟವರೂ ಅವರೇ."

ಅಷ್ಟರಲ್ಲಿ ದೀಪ ಹೊತ್ತಿತು. ನಾನು ಓಡಿದೆ. ಅದು ಪಾಠದ ಮಾತೆಂದಷ್ಟೇ ಆಗ ನನ್ನ ಕಿವಿಗೆ ಬಿದ್ದಿತ್ತು.

ರಾತ್ರಿ ಮನೆಯಲ್ಲಿ ಕುಳಿತು ಚಿತ್ರಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡೆ. ಫೋಕಸ್ ಸರಿಯಿದೆಯೇ ಎಂದು ನೋಡಲು ಕಣ್ಣನ್ನು ದೊಡ್ಡದು ಮಾಡಿ ನೋಡುವುದು ನಮ್ಮ ವೃತ್ತಿಯ ರೂಢಿ. ರಾಯಗೋಪುರದ ಒಂದು ಚಿತ್ರದಲ್ಲಿ ಹುಡುಗಿಯ ಬಲಗಣ್ಣನ್ನು ದೊಡ್ಡದು ಮಾಡಿದೆ. ಕಪ್ಪು ಪಾಪೆಯ ಮೇಲೆ ಬೆಳ್ಳಗೆ ಒಂದು ದುಂಡು ಚುಕ್ಕೆ, ರಿಫ್ಲೆಕ್ಟರಿನದು. ಇನ್ನೂ ದೊಡ್ಡದು ಮಾಡಿದೆ. ಚುಕ್ಕೆಯ ಎರಡು ಅಂಚಿನಲ್ಲಿ ಎರಡು ಕೈ, ಮೇಲೆ ಸಾಸಿವೆಕಾಳಿನಷ್ಟು ಒಂದು ತಲೆ. ಇಡೀ ದಿನದ ಎಂಟುನೂರು ಚಿಲ್ಲರೆ ಚಿತ್ರಗಳಲ್ಲಿ ಆ ತಾಯಿ ಇದ್ದದ್ದು ಅಲ್ಲಿ ಮಾತ್ರ.

ಮರುದಿನ ಹುಡುಗಿಗೆ ಫೋನ್ ಮಾಡಿ ಕೇಳಿದೆ. "ಧಾರೆ ಯಾರು ಎರೆಯುತ್ತಾರೆ?"

"ದೊಡ್ಡಪ್ಪ ದೊಡ್ಡಮ್ಮ. ಅಪ್ಪ ಹೋಗಿ ಆರು ವರ್ಷ ಆಯಿತಲ್ಲ ಅಕ್ಕ."

"ಅಮ್ಮ?"

"ಇರುತ್ತಾರೆ, ಹಿಂದೆ ಎಲ್ಲಾದರೂ."

ಹದಿನಾಲ್ಕು ವರ್ಷ ನಾನು ಮದುವೆಗಳನ್ನು ತೆಗೆದಿದ್ದೇನೆ. ಆ ವಾರ ಹಳೆಯ ಹಾರ್ಡ್ ಡಿಸ್ಕುಗಳನ್ನು ತೆಗೆದು, ಗಂಡನಿಲ್ಲದ ತಾಯಂದಿರು ಇದ್ದ ಮದುವೆಗಳನ್ನು ನೆನಪಿಸಿಕೊಂಡು ಹುಡುಕಿದೆ. ಊಟದ ಪಂಕ್ತಿಯಲ್ಲಿ ಒಂದು, ಆರತಕ್ಷತೆಯ ಗುಂಪು ಚಿತ್ರದ ತುದಿಯಲ್ಲಿ ಒಂದು, ಅಷ್ಟೇ. ಮುಹೂರ್ತದ ಹೊತ್ತಿನಲ್ಲಿ ಒಬ್ಬರೂ ಇಲ್ಲ. ಅವರನ್ನು ತೆಗೆಯಬೇಡ ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನು ನಿಲ್ಲುತ್ತಿದ್ದ ಜಾಗದಿಂದ ಅವರು ಕಾಣುತ್ತಿರಲಿಲ್ಲ, ನಾನು ಜಾಗ ಬದಲಿಸಿರಲಿಲ್ಲ. ಬಹಳ ದುಃಖವಾಯಿತು. ಆ ಬೆಳಗುಗಳು ಮತ್ತೆ ಬರುವುದಿಲ್ಲ.

ಮದುವೆಯ ದಿನ ಮುಹೂರ್ತ ಬೆಳಿಗ್ಗೆ 7.10ರಿಂದ 7.50. ನನ್ನ ತಂದೆಯೂ ಸ್ಟುಡಿಯೋ ನಡೆಸಿದವರು. ರೋಲಿನಲ್ಲಿ ಹತ್ತು ಚಿತ್ರ ಉಳಿದಿದ್ದರೂ ಸರಿ, ಧಾರೆಗೆ ಹೊಸ ರೋಲು ಹಾಕು ಎನ್ನುತ್ತಿದ್ದರು. ನಾನು ಹೊಸ ಕಾರ್ಡು, ಹೊಸ ಬ್ಯಾಟರಿ ಹಾಕಿಕೊಂಡೆ. ಎದುರಿನ ಜಾಗಕ್ಕೆ ಸಹಾಯಕನನ್ನು ನಿಲ್ಲಿಸಿ, ನಾನು ಮಂಟಪದ ಎಡಗಡೆಯ ಹಿಂಬದಿಗೆ, ಹೂವಿನ ಬುಟ್ಟಿಗಳ ಸಂದಿಗೆ ಹೋದೆ. ದೊಡ್ಡಪ್ಪನವರು, "ಮೇಡಂ, ಎದುರಿಗೆ ಬನ್ನಿ, ಅಲ್ಲಿಂದ ಏನು ಕಾಣುತ್ತದೆ?" ಎಂದು ಎರಡು ಸಲ ಕರೆದರು. ಕೈಮುಗಿದು ಅಲ್ಲೇ ನಿಂತೆ.

ಅಲ್ಲಿಂದ ಉಗ್ರಾಣದ ಬಾಗಿಲು ಕಾಣುತ್ತಿತ್ತು. ಬಾಗಿಲ ಪಕ್ಕದ ಕಂಬಕ್ಕೆ ಒರಗಿ ಆ ತಾಯಿ ನಿಂತಿದ್ದರು. ಬೂದುಬಣ್ಣದ ರೇಷ್ಮೆ ಸೀರೆ. ಅಂತರಪಟ ಸರಿಯಿತು, ಅಕ್ಷತೆ ಹಾರಿತು. ಜೋಡಿಸಿದ ಕೈಗಳ ಮೇಲೆ ತೆಂಗಿನಕಾಯಿ ಇಟ್ಟು ದೊಡ್ಡಮ್ಮ ತಂಬಿಗೆ ಬಗ್ಗಿಸಿದರು. ಆಮೇಲೆ ಸೋದರಮಾವ, ಅತ್ತೆ, ಪಕ್ಕದ ಮನೆಯವರು, ಕಚೇರಿಯವರು, ಬಂದವರೆಲ್ಲ ಸಾಲಾಗಿ ಬಂದು ಒಂದೊಂದು ಹನಿ ಹಾಲು ಎರೆದರು. ಅವರೊಬ್ಬರು ಬರಲಿಲ್ಲ. ಲೆನ್ಸನ್ನು ಎಳೆದು ನೋಡಿದೆ. ಅಳುತ್ತಿರಲಿಲ್ಲ. ಬಲಗೈ ಮಾತ್ರ ತಂಬಿಗೆ ಹಿಡಿದಂತೆ ಮಡಿಸಿಕೊಂಡು ಅರ್ಧ ಮೇಲೆದ್ದಿತ್ತು. ಮುಂದೆ ಮಸುಕಾಗಿ ಹಾಲಿನ ಧಾರೆ, ಮಗಳ ಬಾಸಿಂಗದ ಅಂಚು; ಅದರಾಚೆ ಸ್ಪಷ್ಟವಾಗಿ ಆ ಮುಖ, ಆ ಕೈ. ಗಟ್ಟಿಮೇಳ ಮೊಳಗುವವರೆಗೂ ಕ್ಯಾಮೆರಾ ಕೆಳಗಿಳಿಸಲಿಲ್ಲ.

ಆಲ್ಬಮ್ಮಿನಲ್ಲಿ ಆ ಚಿತ್ರಕ್ಕೆ ಎರಡು ಪುಟ ಕೊಟ್ಟೆ. ಅರಮನೆಯ ಚಿತ್ರಕ್ಕೂ ಅಷ್ಟು ಕೊಟ್ಟಿರಲಿಲ್ಲ. ಒಪ್ಪಿಸಲು ಮನೆಗೆ ಹೋದಾಗ ಅವರು ಕನ್ನಡಕ ಹಾಕಿಕೊಂಡು ಒಂದೊಂದೇ ಹಾಳೆ ತಿರುವುತ್ತ ಅಲ್ಲಿಗೆ ಬಂದು ನಿಂತರು.

"ನಾನು ಕಂಬದ ಹತ್ತಿರ ಇದ್ದೆನಲ್ಲ. ಹೇಗೆ ಕಾಣಿಸಿದೆ?"

"ನಾನು ಈ ಕಡೆ ಬಂದಿದ್ದೆ ಅಮ್ಮ."

ಅವರು ಚಿತ್ರದಲ್ಲಿನ ತಮ್ಮ ಕೈಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತರು. ಆಮೇಲೆ ಎದ್ದು ಹೋಗಿ ಕಾಫಿ ತಂದರು.

ಈಗ ಯಾರು ಮದುವೆಗೆ ಕರೆದರೂ ದಿನ, ಛತ್ರ, ಮುಹೂರ್ತ ಕೇಳಿದ ಮೇಲೆ ಅದೊಂದು ಪ್ರಶ್ನೆಯನ್ನೂ ಕೇಳುತ್ತೇನೆ. ಎಲ್ಲಿ ನಿಲ್ಲಬೇಕೆಂದು ಗೊತ್ತಾಗುವುದು ಅದರಿಂದಲೇ. ಮೊನ್ನೆ ಚಾಮುಂಡಿ ಬೆಟ್ಟದಲ್ಲಿ, ನಂದಿಯ ಹತ್ತಿರ ಫೋಟೋ ಬೇಕೆಂದು ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. ಎಲ್ಲ ಮಾತಾಡಿ ಮುಗಿಸಿ, "ಧಾರೆ ಯಾರು ಎರೆಯುತ್ತಾರಮ್ಮ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ.

"ಅಮ್ಮ ಒಬ್ಬರೇ ಇರುವುದು. ಅವರೇ ಎರೆಯಲಿ ಎಂದು ನಾನು ಹೇಳಿದ್ದೇನೆ. ಮನೆಯಲ್ಲಿ ಇನ್ನೂ ಮಾತು ನಡೆಯುತ್ತಿದೆ ಅಕ್ಕ" ಎಂದಳು.